ಕಾಣೆಯಾದವರು ಯಾರ ಹೊಣೆ?

ಟೋಕಿಯೋದ ಒಂದು ವಿಶ್ವವಿದ್ಯಾಲಯದಿಂದ ಮೂರು ವರ್ಷಗಳಲ್ಲಿ 1,600ಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಕಾಣೆಯಾದ ಸಂಗತಿ 2019ರಲ್ಲಿ ಬೆಳಕಿಗೆ ಬಂದಿತು. ಅವರಲ್ಲಿ ವಿಯೆಟ್ನಾಮಿನ ಯುವಜನರೂ ಇದ್ದರು. ಓದಿನ ನೆಪದಲ್ಲಿ ದುಡಿಯಲು ಬಂದವರೆಂದು ಅವರನ್ನು ದೂಷಿಸುವುದು ಸುಲಭ. ಆದರೆ ಅವರನ್ನು ಕರೆತಂದವರು ಯಾರು?

ದುಡಿಯುತ್ತಲೇ ಓದಬಹುದು, ಸಾಲವೂ ತೀರುವುದು ಎಂಬ ದಲ್ಲಾಳಿಯ ಮಾತನ್ನು ನಂಬಿ ಎಷ್ಟೋ ತಂದೆತಾಯಿಗಳು ಸಾಲದ ಹಣವನ್ನು ಆತನ ಕೈಗಿತ್ತರು. ಜಪಾನಿನ ಕಾನೂನಾದರೋ ಪಾಠದ ದಿನಗಳಲ್ಲಿ ವಿದ್ಯಾರ್ಥಿಗೆ ವಾರಕ್ಕೆ 28 ಗಂಟೆಗಳ ಕೆಲಸವನ್ನಷ್ಟೇ ಅನುಮತಿಸುತ್ತದೆ. ಆ ಗಳಿಕೆಯಲ್ಲಿ ಬಾಡಿಗೆ, ಊಟ, ಶುಲ್ಕ, ಬಡ್ಡಿ ಎಲ್ಲವೂ ಸಾಗುವುದೆಂತು? ಮಿತಿ ಮೀರಿದರೆ ಅಪರಾಧಿ. ಮೀರದಿದ್ದರೆ ತೀರದ ಸಾಲಗಾರ.

ದಲ್ಲಾಳಿಗೆ ಕಮಿಷನ್ ಸಂದಿತು, ಶಾಲೆಗೆ ಶುಲ್ಕ ಸಂದಿತು, ರಾತ್ರಿಪಾಳಿಗೆ ಅಗ್ಗದ ಕೈಗಳು ದೊರೆತವು. ನಷ್ಟ ಮಾತ್ರ ವಿದ್ಯಾರ್ಥಿಯ ಪಾಲಿಗೆ! ಇದನ್ನು ಶಿಕ್ಷಣವೆಂದು ಕರೆಯುವುದು ಆ ಪದಕ್ಕೇ ಅಪಮಾನ.

ಸುಳ್ಳು ದಾಖಲೆ ಸಲ್ಲಿಸಿದ ವಿದ್ಯಾರ್ಥಿಯನ್ನು ನಾನು ಸಮರ್ಥಿಸಲಾರೆ. ಆದರೆ ಹೊಣೆ ಆತನೊಬ್ಬನದೇ ಅಲ್ಲ. ಶಾಲೆಗಳು ದಲ್ಲಾಳಿಗೆ ಕೊಡುವ ಹಣವನ್ನು ಬಹಿರಂಗಪಡಿಸಲಿ. ನಿಜವಾದ ವೆಚ್ಚವನ್ನು ಪಾಲಕರಿಗೆ ಅವರ ಭಾಷೆಯಲ್ಲೇ ತಿಳಿಸಲಿ. ವಂಚನೆ ಸಾಬೀತಾದರೆ ಶುಲ್ಕವನ್ನು ಹಿಂದಿರುಗಿಸಲಿ. ಹಾಜರಿ ಕರೆದಾಗ ಉತ್ತರ ಬಾರದಿದ್ದರೆ, ಮೊದಲು ಉತ್ತರಿಸಬೇಕಾದವರು ಶುಲ್ಕ ಪಡೆದವರೇ.