ಅಂಗಳದ ಉಣ್ಣೆ ಮತ್ತು ಔಷಧಿಯ ಪಂಪು

ಕನ್ನಡ ನಾಡಿನಲ್ಲಿ ದನ ಸಾಕಿದ ಮನೆತನದವರಿಗೆ ಉಣ್ಣೆಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಮಲೆನಾಡಿನವರು ಉಣುಗು ಎಂದು ಕರೆಯುವ ಈ ಎಂಟು ಕಾಲಿನ ಜೀವಿಯು ಹಸುವಿನ ಕೆಚ್ಚಲಿಗೆ ಅಂಟಿಕೊಂಡಿದ್ದರೂ ಹಾಲಿನ ರುಚಿಯನ್ನರಿಯದೆ ನೆತ್ತರನ್ನೇ ಹೀರುವುದರಿಂದ ಅರಸಿಕರಿಗೆ ಉಪಮಾನವಾಗಿಯೂ ಕನ್ನಡದಲ್ಲಿ ನೆಲೆನಿಂತಿದೆ. ಊರನ್ನು ಬಿಟ್ಟು ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿದ ಬಳಿಕ, ಕೊಟ್ಟಿಗೆಯೊಡನೆ ಉಣ್ಣೆಯ ನಂಟೂ ಹರಿಯಿತೆಂದು ಭಾವಿಸಿದವರು ಹಲವರು. ಬೇಸಿಗೆಯ ಒಂದು ಮುಂಜಾನೆ ಹಿತ್ತಿಲ ಗೋಡೆಯ ಮೇಲೆ ಹುರುಳಿಕಾಳಿನಂತಹ ಕಂದು ಜೀವಿಗಳು ಮೇಲಕ್ಕೆ ಹರಿಯುತ್ತಿರುವುದನ್ನು ಕಂಡಾಗ ಆ ಭಾವನೆ ಸುಳ್ಳಾಗುತ್ತದೆ. ನೆರೆಮನೆಯ ಗುಜರಾತಿ ಗೃಹಿಣಿ ಅದನ್ನು ನೋಡಿ "ಇತರಡಿ" ಎನ್ನುತ್ತಾಳೆ. ಹೆಸರು ಬೇರೆಯಾದರೂ ಜೀವಿ ಅದೇ.

ಮುಂದೆ ನಡೆಯುವುದು ಎಲ್ಲ ಸೊಸೈಟಿಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ಬಗೆ. ಕಾರ್ಯದರ್ಶಿಗಳಿಗೆ ದೂರು ಹೋಗುತ್ತದೆ. ಅತಿ ಕಡಿಮೆ ದರ ಹೇಳಿದ ಕಂಪನಿಗೆ ಕೆಲಸ ಒಪ್ಪಿಸಲಾಗುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಕರವಸ್ತ್ರವೊಂದನ್ನು ಸುತ್ತಿಕೊಂಡು ಬಂದ ಯುವಕನು ಅರ್ಧ ಗಂಟೆಯಲ್ಲಿ ಹುಲ್ಲುಹಾಸು, ತುಳಸಿಕಟ್ಟೆಯ ಬುಡ, ವಾಹನ ನಿಲ್ಲಿಸುವ ಜಾಗ ಎಲ್ಲವನ್ನೂ ತೋಯಿಸಿ, ರಶೀದಿ ಕೊಟ್ಟು ಹೊರಟುಹೋಗುತ್ತಾನೆ. ಔಷಧಿಯ ವಾಸನೆ ಎರಡು ದಿನ ನಿಲ್ಲುತ್ತದೆ. ಸಮಾಧಾನ ಎರಡು ವಾರ ನಿಲ್ಲುತ್ತದೆ. ಮೂರನೆಯ ವಾರ ಗೋಡೆಯ ಮೇಲೆ ಮತ್ತೆ ಅದೇ ಮೆರವಣಿಗೆ. ಆಗ ಕಂಪನಿಯದು ಕಲಬೆರಕೆಯ ಔಷಧಿಯೆಂದು ಕೆಲವರೂ, ಬೀದಿನಾಯಿಗಳಿಗೆ ರೊಟ್ಟಿ ಹಾಕುವವರದೇ ತಪ್ಪೆಂದು ಕೆಲವರೂ ವಾದಿಸತೊಡಗುತ್ತಾರೆ. ಎರಡೂ ವಾದಗಳು ಮೂಲವನ್ನು ಮುಟ್ಟುವುದಿಲ್ಲ.

ಮೂಲವಿರುವುದು ಉಣ್ಣೆಯ ಜೀವನಕ್ರಮದಲ್ಲಿ. ನಗರದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಯಿಯನ್ನು ಆಶ್ರಯಿಸುವ ಕಂದು ಉಣ್ಣೆ. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕನ್ನೋ ಬಾಗಿಲ ಚೌಕಟ್ಟಿನ ಸಂದನ್ನೋ ಸೇರಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮೊಟ್ಟೆಯೊಡೆದು ಬರುವ ಮರಿಗೆ ಆರೇ ಕಾಲು. ಅದು ನಾಯಿಯನ್ನೇರಿ ರಕ್ತ ಕುಡಿದು, ಕೆಳಗಿಳಿದು, ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣ್ಣೆಯಾಗುತ್ತದೆ. ಮತ್ತೆ ಏರುತ್ತದೆ, ಮತ್ತೆ ಇಳಿದು ಪೊರೆ ಕಳಚುತ್ತದೆ, ಬಲಿತು ಮೂರನೆಯ ಸಲ ಏರುತ್ತದೆ. ಹೀಗೆ ಆಯುಷ್ಯದ ಬಹುಪಾಲನ್ನು ಅದು ಕಳೆಯುವುದು ನಾಯಿಯ ಮೈಮೇಲಲ್ಲ, ಬಿರುಕುಗಳಲ್ಲಿ. ಬಲಿತ ಉಣ್ಣೆಯು ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಸಿಂಪಡಿಸಿದ ಔಷಧಿಯಿಂದ ಮೊಟ್ಟೆಗಳು ಸಾಮಾನ್ಯವಾಗಿ ಸಾಯವು. ಇಷ್ಟನ್ನು ತಿಳಿದ ಮೇಲೆ, ಬಿಸಿಲು ಬೀಳುವ ಹುಲ್ಲುಹಾಸಿನ ಮೇಲೆ ಒಂದೇ ಸಲ ಸುರಿದ ಔಷಧಿ ಏಕೆ ವ್ಯರ್ಥವಾಯಿತೆಂದು ಯಾರೂ ಕೇಳಬೇಕಾಗಿಲ್ಲ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು, ಅಲ್ಲಿ ಹುಲ್ಲುಹಾಸಿನ ಅಂಚಿಗೆ ಔಷಧಿ ಹೊಡೆಸುವುದನ್ನು ಮೆಚ್ಚಿ ಹೇಳುವುದುಂಟು. ಅಲ್ಲಿಯ ಮುಖ್ಯ ವೈರಿ ಜಿಂಕೆಯ ಉಣ್ಣೆ. ಅದು ಹರಡುವುದು ಲೈಮ್ ರೋಗವನ್ನು. ಅದರ ವಾಸ ಕಾಡಿನಂಚಿನ ತರಗೆಲೆಯ ರಾಶಿಯಲ್ಲಿ. ಆದುದರಿಂದ ಅಲ್ಲಿ ಅಂಚಿಗೆ ಹೊಡೆಯುವುದು ಯುಕ್ತವೇ. ಸಾಬರಮತಿಯ ದಂಡೆಯ ಉಣ್ಣೆಗೆ ಆ ಚಿಕಿತ್ಸೆ ಸಲ್ಲದು. ಇಲ್ಲಿ ಪಂಪಿನ ಮೂತಿ ತಿರುಗಬೇಕಾದುದು ಹುಲ್ಲಿನ ಕಡೆಗಲ್ಲ, ಗೋಡೆಯ ಬಿರುಕು, ಮೆಟ್ಟಿಲ ತಳ, ನಾಯಿ ಮಲಗುವ ಗೋಣಿಚೀಲದ ಮೂಲೆಗಳ ಕಡೆಗೆ.

ಇದು ಕೇವಲ ತುರಿಕೆಯ ವಿಷಯವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. 2011ರ ಜನವರಿಯಲ್ಲಿ ಅಹಮದಾಬಾದು ಜಿಲ್ಲೆಯ ಸಾಣಂದ ತಾಲ್ಲೂಕಿನ ಕೋಲಾಟ್ ಗ್ರಾಮದ ಮಹಿಳೆಯೊಬ್ಬರು ಜ್ವರ, ರಕ್ತಸ್ರಾವಗಳಿಂದ ತೀರಿಕೊಂಡರು. ಅವರ ಶುಶ್ರೂಷೆ ಮಾಡಿದ ವೈದ್ಯರೂ ದಾದಿಯೂ ಅದೇ ರೋಗಕ್ಕೆ ಬಲಿಯಾದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಅದನ್ನು ಕ್ರಿಮಿಯಾ-ಕಾಂಗೋ ರಕ್ತಸ್ರಾವ ಜ್ವರವೆಂದು ಗುರುತಿಸಿತು. ಭಾರತದಲ್ಲಿ ಈ ರೋಗ ರೋಗಿಗಳಲ್ಲಿ ದೃಢಪಟ್ಟುದು ಅದೇ ಮೊದಲು. ಮುಂದಿನ ವರ್ಷಗಳಲ್ಲಿ ಗುಜರಾತಿನ ಬೇರೆ ಜಿಲ್ಲೆಗಳಲ್ಲಿಯೂ ರಾಜಸ್ಥಾನದಲ್ಲಿಯೂ ಅದು ಕಾಣಿಸಿಕೊಂಡಿತು. ಇದನ್ನು ಹರಡುವುದು ಮುಖ್ಯವಾಗಿ ನಾಯಿಯ ಉಣ್ಣೆಯಲ್ಲ, ಹಯಲೋಮಾ ಎಂಬ ದನಕರುಗಳ ಉಣ್ಣೆ. ಸೋಂಕು ತಗುಲಿದ ಹಸು, ಎಮ್ಮೆ, ಆಡುಗಳಲ್ಲಿ ರೋಗದ ಲಕ್ಷಣವೇ ತೋರದಿರುವುದು ಇದರ ಕಪಟ. ಉಣ್ಣೆ ಕಚ್ಚುವುದರಿಂದ ಮಾತ್ರವಲ್ಲ, ಕಿತ್ತ ಉಣ್ಣೆಯನ್ನು ಬರಿಯ ಬೆರಳಿನಿಂದ ಹಿಸುಕುವುದರಿಂದಲೂ, ರೋಗಿಯ ಇಲ್ಲವೆ ಸೋಂಕಿರುವ ದನದ ರಕ್ತದ ಸಂಪರ್ಕದಿಂದಲೂ ಇದು ಅಂಟಬಲ್ಲದು.

ಕನ್ನಡಿಗರಿಗೆ ಇಂತಹ ಸುದ್ದಿ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಕೋತಿಗಳು ಸತ್ತು ಬಿದ್ದು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳಿದಾಗ, ವೈರಾಣುವನ್ನು ಕಂಡುಹಿಡಿದುದು ಪುಣೆಯ ಇದೇ ಸಂಸ್ಥೆ; ಅಂದಿನ ಹೆಸರು ವೈರಸ್ ಸಂಶೋಧನಾ ಕೇಂದ್ರ. ಮಂಗನ ಕಾಯಿಲೆಯೆಂದು ಹೆಸರಾದರೂ ಅದು ಉಣುಗಿನ ಕಾಯಿಲೆಯೇ. ಅಲ್ಲಿಯ ಕ್ರಮದಲ್ಲಿ ಗುಜರಾತಿನ ಸೊಸೈಟಿಗಳು ಗಮನಿಸತಕ್ಕ ಒಂದು ಅಂಶವಿದೆ. ಕಾಡಿಗೆಲ್ಲ ಔಷಧಿ ಹೊಡೆಯುವ ಹುಚ್ಚು ಅಲ್ಲಿಲ್ಲ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ದಟ್ಟವಾಗಿ ಸೇರುವ ಆ ಸ್ಥಳದ ಸುತ್ತಲಷ್ಟೇ ಮ್ಯಾಲಾಥಿಯಾನ್ ಪುಡಿಯನ್ನು ಎರಚುತ್ತಾರೆ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಡೆಪಾ ತೈಲವನ್ನು ಹಂಚುತ್ತಾರೆ. ಎಲ್ಲಿ ಉಣ್ಣೆಯಿದೆಯೆಂದು ಮೊದಲು ನೋಡು, ಬಳಿಕ ಔಷಧಿ ಹಾಕು ಎಂಬುದೇ ಅಲ್ಲಿಯ ರೀತಿ.

ಕೀಟನಿಯಂತ್ರಣದ ವೃತ್ತಿಯವರನ್ನು ಕರೆಯಲೇಬಾರದೆಂದು ಇದರ ಅರ್ಥವಲ್ಲ. ಕರೆಯಬೇಕಾದುದು ವೃತ್ತಿಯನ್ನರಿತವರನ್ನು. 1968ರ ಕೀಟನಾಶಕ ಕಾಯಿದೆಯ ನಿಯಮಗಳಂತೆ ಇಂತಹ ಕೆಲಸಕ್ಕೆ ಪರವಾನಗಿ ಬೇಕು. ಅದನ್ನು ತೋರಿಸೆಂದು ಕೇಳುವ ಸಮಿತಿಗಳು ಎಷ್ಟಿವೆ? ಸೀಸೆಯ ಮೇಲಿನ ತ್ರಿಕೋನದ ಬಣ್ಣವನ್ನಾದರೂ ನೋಡುವವರು ವಿರಳ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಬಂದವನು ಪಂಪಿಗೆ ಕೈಹಾಕುವ ಮೊದಲು ಬ್ಯಾಟರಿ ದೀಪ ಹಿಡಿದು ಬಿರುಕುಗಳನ್ನು ನೋಡಿದನೇ, ಮನೆಯಲ್ಲಿ ನಾಯಿ ಬೆಕ್ಕುಗಳಿವೆಯೇ ಎಂದು ಕೇಳಿದನೇ, ಹೊಸ ಮರಿಗಳು ಹೊರಬರುವ ವೇಳೆಗೆ ಮತ್ತೆ ಬರುವೆನೆಂದು ಕರಾರಿನಲ್ಲಿ ಬರೆದುಕೊಟ್ಟನೇ ಎಂಬುದರಿಂದ ಅವನ ಯೋಗ್ಯತೆಯನ್ನು ಅಳೆಯಬೇಕು. ಇಂದು ಬಳಕೆಯಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ಮೀನಿಗೆ ಮಾರಕ. ಅವುಗಳಲ್ಲಿ ಪರ್ಮೆಥ್ರಿನ್ ಬೆಕ್ಕಿಗೂ ಅಪಾಯಕರ. ಹಕ್ಕಿಗಳಿಗೆಂದು ಭಕ್ತಿಯಿಂದ ನೀರಿಟ್ಟ ಮಣ್ಣಿನ ಬಟ್ಟಲುಗಳ ಮೇಲೆಯೇ ವಿಷದ ತುಂತುರು ಬೀಳುವುದನ್ನು ನೋಡುತ್ತ ನಿಂತವರಿದ್ದಾರೆ. ಕೈಗವಸು ಇಲ್ಲದೆ ದಿನಕ್ಕೆ ಐದಾರು ಅಂಗಳ ಸುತ್ತುವ ಆ ಯುವಕನೂ ಹೆಚ್ಚಾಗಿ ಹೊಟ್ಟೆಪಾಡಿಗೆ ದೂರದಿಂದ ಬಂದವನೇ. ಅತಿ ಕಡಿಮೆ ದರದ ಕಂಪನಿಯನ್ನು ಆರಿಸುವಾಗ ಉಳಿಯುವ ಹಣ ಅವನ ಆರೋಗ್ಯದ್ದೆಂಬುದನ್ನು ಸಮಿತಿಯವರು ಯೋಚಿಸಬೇಡವೇ?

ಪ್ರಾಣಿಗಳ ಆರೈಕೆಯಿಲ್ಲದ ಸಿಂಪರಣೆ ಸೋರುವ ಕೊಡಕ್ಕೆ ನೀರು ಹೊತ್ತಂತೆ. ಮನೆಯ ನಾಯಿಗೆ ಪಶುವೈದ್ಯರ ಸಲಹೆಯಂತೆ ಬೆನ್ನಿಗೆ ಹನಿಸುವ ಔಷಧಿಯೋ ನುಂಗಿಸುವ ಮಾತ್ರೆಯೋ ದೊರೆತರೆ, ಏರಿದ ಉಣ್ಣೆ ಇಳಿದು ಮೊಟ್ಟೆಯಿಡುವ ಮೊದಲೇ ಸಾಯುತ್ತದೆ. ಬೀದಿನಾಯಿಯನ್ನು ಓಡಿಸಿದ ಮಾತ್ರಕ್ಕೆ ಬಿರುಕಿನಲ್ಲಿರುವ ಉಣ್ಣೆ ಓಡುವುದಿಲ್ಲ. ಹಸಿದಾಗ ಮನುಷ್ಯರ ಮೇಲೂ ಏರುತ್ತದೆ. ಅಂಗಳದ ನಾಯಿಗೆ ರೊಟ್ಟಿ ಹಾಕುವವರೂ ಅದನ್ನು ದ್ವೇಷಿಸುವವರೂ ಸೇರಿ ವಂತಿಗೆಯೆತ್ತಿ ಅದಕ್ಕೆ ಚಿಕಿತ್ಸೆ ಮಾಡಿಸುವುದೇ ಇಬ್ಬರಿಗೂ ಲಾಭ. ಸೊಸೈಟಿಯ ಹೊರಗೋಡೆಗೆ ಒರಗಿ ಮಲಗುವ ದನಗಳ ವಿಷಯದಲ್ಲಂತೂ ಯಾರ ಲಕ್ಷ್ಯವೂ ಇಲ್ಲ. ಕೋಲಾಟದ ನೆನಪಿರುವವರು ಮೊದಲು ನೋಡಬೇಕಾದುದು ಅವನ್ನೇ. ಮಾಲಧಾರಿಯೊಡನೆ ಜಗಳವಾಡುವ ಬದಲು ಪಶುವೈದ್ಯರನ್ನು ಕರೆಸಿ ಉಣ್ಣೆಯ ಔಷಧಿ ಕೊಡಿಸುವುದು ಲೇಸು. ಸೂರತ್ತಿನ ಹಿರಿಯರಿಗೆ 1994ರ ಪ್ಲೇಗಿನ ನೆನಪಿದೆ. ಆ ಊರಿನ ಹೆಸರು ಬದಲಾದುದು ಆಗ ಎರಚಿದ ಪುಡಿಯಿಂದಲ್ಲ. 1995ರಲ್ಲಿ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಕಾಲದಲ್ಲಿ ದಿನದಿನವೂ ತಪ್ಪದೆ ನಡೆದ ಗುಡಿಸುವ ಕೆಲಸದಿಂದ.

ಇನ್ನೊಂದು ವಿಷಯವು ವಿಶೇಷವಾಗಿ ಮಲೆನಾಡು, ಕರಾವಳಿಗಳಿಂದ ಬಂದ ಕುಟುಂಬಗಳಿಗೆ ಸೇರಿದುದು. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಕ್ಕಳನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋಗುವ ರಜೆ ಬರುವುದೂ ಆ ಕಾಲದ ಕೊನೆಯ ಭಾಗದಲ್ಲಿಯೇ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರ ಪ್ರಾಣ ತೆಗೆಯಿತು. ಹಿಂದೆ ಹಾಕುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತುಹೋಯಿತು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುವುದರಿಂದ, ತೋಟ ಕಾಡುಗಳಲ್ಲಿ ಅಲೆದವನು ಅಹಮದಾಬಾದಿನ ರೈಲು ಇಳಿದ ಮೇಲೆಯೇ ಮಲಗುವ ಸಂಭವವುಂಟು. ಗುಜರಾತಿನ ವೈದ್ಯರು ಸಹಜವಾಗಿ ಮಲೇರಿಯಾ, ಡೆಂಗೆಗಳನ್ನೇ ಮೊದಲು ಶಂಕಿಸುತ್ತಾರೆ. ಯಾವ ಊರಿಗೆ ಹೋಗಿದ್ದುದು, ಯಾವ ದಿನ ಮರಳಿದುದು, ಮೈಮೇಲೆ ಉಣುಗು ಕಂಡುದುಂಟೇ ಎಂಬುದನ್ನು ರೋಗಿಯ ಮನೆಯವರು, ವೈದ್ಯರು ಕೇಳುವವರೆಗೆ ಕಾಯದೆ, ಮೊದಲ ಭೇಟಿಯಲ್ಲಿಯೇ ತಿಳಿಸಬೇಕು. ಕಚ್ಚಿಕೊಂಡ ಉಣುಗು ಕಂಡರೆ ಸೀಮೆಎಣ್ಣೆ, ಬೆಂಕಿಕಡ್ಡಿಗಳ ಪ್ರಯೋಗ ಬೇಡ. ಚಿಕ್ಕ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ಹಿಸುಕದೆ, ನೇರವಾಗಿ ಮೇಲಕ್ಕೆಳೆದು, ಆ ಜಾಗವನ್ನೂ ಕೈಯನ್ನೂ ಸಾಬೂನಿನಿಂದ ತೊಳೆದುಕೊಂಡು, ತಾರೀಖನ್ನು ಗುರುತು ಹಾಕಿಟ್ಟುಕೊಳ್ಳಬೇಕು.