ಜಮಾ–ಖರ್ಚು: ಮಿತಿ ಮೀರಿದ ಉಳಿತಾಯ

ಕಡಿಮೆ ಕಟ್ಟಿದರೆ ದಂಡ ತೆರಬೇಕಾಗುವುದು ಎಲ್ಲರಿಗೂ ತಿಳಿದ ಸಂಗತಿ. ಹೆಚ್ಚು ಕಟ್ಟಿದರೂ ನಷ್ಟವಾಗುವ ಖಾತೆಯೊಂದುಂಟು ಎಂದರೆ ವಾಚಕರು ಹುಬ್ಬೇರಿಸಬಹುದು. ಅದು 1968ರಲ್ಲಿ ಆರಂಭವಾದ ಪಬ್ಲಿಕ್ ಪ್ರಾವಿಡೆಂಟ್ ಫಂಡು, ಬಳಕೆಯ ಮಾತಿನಲ್ಲಿ ಪಿ.ಪಿ.ಎಫ್. ಮುಪ್ಪಿನ ಕಾಲಕ್ಕಾಗಲಿ ಎಂದು ನಮ್ಮಂಥ ಸಂಬಳದಾರರು ಕಟ್ಟುವ ಗಂಟು. ಅದರ ಬಡ್ಡಿಗೆ ತೆರಿಗೆಯಿಲ್ಲ. ಆದಕಾರಣವೇ ಸರಕಾರ ಅದಕ್ಕೆ ಬೇಲಿ ಹಾಕಿದೆ. 2014ರಿಂದ ಈ ಬೇಲಿ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ. ವರ್ಷವೆಂದರೆ ಏಪ್ರಿಲ್ 1ರಿಂದ ಮಾರ್ಚ್ 31, ಯುಗಾದಿಯಿಂದ ಯುಗಾದಿಗಲ್ಲ.

ಬೇಲಿಯಾಚೆ ಬಿದ್ದ ಹಣಕ್ಕೆ ಬಡ್ಡಿಯಿಲ್ಲ. ಲೆಕ್ಕ ಸರಿಪಡಿಸುವ ದಿನ ಅಸಲನ್ನಷ್ಟೇ ಕೈಗಿಡುತ್ತಾರೆ. 2020ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ ನೂರಕ್ಕೆ 7.1ರ ದರದಲ್ಲಿ ಐವತ್ತು ಸಾವಿರ ರೂಪಾಯಿ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ 99,000 ಆಗುತ್ತದೆ. ಮಿತಿ ಮೀರಿದ ಐವತ್ತು ಸಾವಿರ ಹತ್ತು ವರ್ಷದ ಮೇಲೂ ಐವತ್ತು ಸಾವಿರವೇ. ಮಗಳ ಮದುವೆಗೋ ಊರಿನ ಮನೆಯ ಹೆಂಚಿಗೋ ಆಗುತ್ತಿದ್ದ ಹಣ ಹೀಗೆ ಕರಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದೇ ಖಾತೆಯಲ್ಲಾದರೆ ಹೆಚ್ಚಿನ ಹಣವನ್ನು ಸಾಮಾನ್ಯವಾಗಿ ಕಂಪ್ಯೂಟರೇ ತಡೆಯುತ್ತದೆ. ತೊಡಕಿರುವುದು ಎರಡು ಖಾತೆಗಳಲ್ಲಿ. ಈ ತೊಡಕು ಊರು ಬಿಟ್ಟು ಬಂದ ನಮ್ಮಂಥವರಿಗೇ ಹೆಚ್ಚು. ಮೊದಲ ನೌಕರಿಯಲ್ಲಿ ಹುಬ್ಬಳ್ಳಿಯ ಅಂಚೆ ಕಚೇರಿಯಲ್ಲಿ ಒಂದು ಖಾತೆ. ಪುಣೆಗೋ ಮುಂಬಯಿಗೋ ಬಂದ ಮೇಲೆ ಆಫೀಸಿನ ಪಕ್ಕದ ಬ್ಯಾಂಕಿನಲ್ಲಿ ಇನ್ನೊಂದು. ಊರಿನದಕ್ಕೆ ತಂದೆಯವರು, ಇಲ್ಲಿನದಕ್ಕೆ ಮಗ, ಒಬ್ಬರಿಗೊಬ್ಬರು ಹೇಳದೆ ಕಟ್ಟುತ್ತ ಹೋಗುತ್ತಾರೆ. ನಿಯಮದ ಪ್ರಕಾರ ಒಬ್ಬನಿಗೆ ಒಂದೇ ಖಾತೆ.

ಇಂಥವರಿಗಾಗಿ ಕೇಂದ್ರ ಹಣಕಾಸು ಮಂತ್ರಾಲಯ 2024ರ ಆಗಸ್ಟ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿ, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ಖಾತೆದಾರನೇ ಆರಿಸಬಹುದು. ಆಯಾ ವರ್ಷದ ಮಿತಿಯೊಳಗೆ ಹಿಡಿಸುವಷ್ಟನ್ನು ಎರಡನೆಯದರಿಂದ ಮೊದಲನೆಯದಕ್ಕೆ ಸೇರಿಸುತ್ತಾರೆ, ಅದಕ್ಕೆ ಯೋಜನೆಯ ಬಡ್ಡಿ ಸಿಗುತ್ತದೆ. ಹಿಡಿಸದೆ ಉಳಿದದ್ದು ಬಡ್ಡಿಯಿಲ್ಲದೆ ವಾಪಸು. ಮೂರನೆಯ ಖಾತೆಯಿದ್ದರೆ ತೆರೆದ ದಿನದಿಂದಲೂ ಬಡ್ಡಿ ಸೊನ್ನೆ. ಕಠಿಣವಾಯಿತೆನ್ನುವವರುಂಟು, ಎರಡನೆಯ ಖಾತೆಯ ಮಟ್ಟಿಗೆ ಇದು ಉದಾರವಾದ ಏರ್ಪಾಡೆಂದೇ ನನ್ನ ಅಭಿಪ್ರಾಯ. ಎರಡೂ ಪಾಸ್‌ಬುಕ್ಕು, ಪ್ಯಾನ್ ಮತ್ತು ಆಧಾರ್‌ಗಳೊಡನೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳತಕ್ಕದ್ದು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ಕಡತ ಸೇರುವುದಿಲ್ಲ. ಗುಮಾಸ್ತನಾದ ನನ್ನ ಮಾತನ್ನು ಇಷ್ಟರಮಟ್ಟಿಗೆ ನಂಬಬಹುದು.

ಇನ್ನು ಮಕ್ಕಳ ಖಾತೆ. ಮಗುವಿನ ಹೆಸರಿನದು ಬೇರೆಯೇ ಒಂದೂವರೆ ಲಕ್ಷವೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ತಂದೆ ಪಾಲಕನಾಗಿದ್ದರೆ ಅವನ ಖಾತೆ, ಮಗುವಿನ ಖಾತೆ ಎರಡೂ ಕೂಡಿ ಒಂದೂವರೆ ಲಕ್ಷ. ಹುಟ್ಟುಹಬ್ಬಕ್ಕೆಂದು ಮೊಮ್ಮಗಳ ಖಾತೆಗೆ ತಾತ ಊರಿನಿಂದ ಕಳಿಸಿದ ಹಣವೂ ಅದರಲ್ಲೇ ಸೇರುತ್ತದೆ. ಹೆಂಡತಿಯ ಸ್ವಂತ ಖಾತೆಗೆ ಮಾತ್ರ ಪ್ರತ್ಯೇಕ ಮಿತಿಯುಂಟು. ಆದ್ದರಿಂದ ತಂದೆ ತನ್ನ ಖಾತೆಗೇ ಪೂರ್ತಿ ಕಟ್ಟುವ ಮನೆಯಲ್ಲಿ ಮಗುವಿನ ಖಾತೆಯನ್ನು ತಾಯಿಯ ಪಾಲಕತ್ವದಲ್ಲಿ ತೆರೆಯುವುದು ಜಾಣತನ. ಒಂದು ಮಗುವಿಗೆ ಇಬ್ಬರೂ ಬೇರೆ ಬೇರೆ ಖಾತೆ ತೆರೆಯುವಂತಿಲ್ಲ. ಆಫೀಸಿನಲ್ಲಿ ಸಂಬಳದಿಂದ ಮುರಿಯುವ ಪ್ರಾವಿಡೆಂಟ್ ಫಂಡಿಗೂ ಈ ಮಿತಿಗೂ ಸಂಬಂಧವಿಲ್ಲ.

ಊರಿನ ಖಾತೆ ದೂರವಾಯಿತೆಂದು ಹೊಸದನ್ನು ತೆರೆಯುವ ಅಗತ್ಯವೇ ಇಲ್ಲವೆಂಬುದು ಹಲವರಿಗೆ ಗೊತ್ತಿಲ್ಲ. ಅಂಚೆ ಕಚೇರಿಯಿಂದ ಬ್ಯಾಂಕಿಗೆ, ಒಂದು ಊರಿನಿಂದ ಇನ್ನೊಂದಕ್ಕೆ ಖಾತೆಯನ್ನು ವರ್ಗಾಯಿಸಬಹುದು. ಹದಿನೈದು ವರ್ಷದ ಅವಧಿಯ ಎಣಿಕೆ ಮೊದಲಿನಂತೆಯೇ ಮುಂದುವರಿಯುತ್ತದೆ. ಈ ಸಂಚಿಕೆ ಕೈಸೇರಿದ ವಾರದಲ್ಲೇ ಪೆಟ್ಟಿಗೆಯ ತಳದ ಪಾಸ್‌ಬುಕ್ಕುಗಳನ್ನು ಹೊರತೆಗೆದು, ಊರಿಗೊಂದು ಫೋನು ಮಾಡಿ, ಅಲ್ಲಿ ಯಾರು ಎಷ್ಟು ಕಟ್ಟಿದ್ದಾರೆಂದು ಕೇಳಿರಿ. ಸಂದೇಹಗಳಿದ್ದವರು ಸಂಘದ ವಿಳಾಸಕ್ಕೆ ಬರೆದರೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುವೆ.