ಅನ್ನದ ಕಾವಲು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವುಗಳಲ್ಲಿ ಕೂಡಿಡುತ್ತಿದ್ದರು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಕಾಳು ಬಹುಕಾಲ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರಿನ ಪ್ರಾಣವನ್ನು ಕಾಯುತ್ತಿತ್ತು. ಆದರೆ ಹಗೇವಿನ ಬಾಯಿ ತೆರೆದ ಕೂಡಲೇ ತಿಳಿದವರು ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗೆ ಸೇರಿಕೊಂಡ ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ಉರಿಯುವ ದೀಪವೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕೆಂಬುದು ಹಿರಿಯರ ಕಟ್ಟಳೆ. ಈ ಎಚ್ಚರವನ್ನು ಅವರು ಕಿರಿಯರಿಗೆ ಮೊದಲೇ ಕಲಿಸಿರುತ್ತಿದ್ದರು. ಉಸಿರುಗಟ್ಟಿದ ಮೇಲೆ ಕಲಿಯುವ ಪಾಠ ಅದಲ್ಲ.

ಅನ್ನವನ್ನು ಬೆಳೆಯುವುದು ಎಷ್ಟು ಮುಖ್ಯವೋ ಅದನ್ನು ಕಾಯುವುದೂ ಅಷ್ಟೇ ಮುಖ್ಯ. ಬೆಳೆಗೆ ಕೀಟದ ಭಯ, ದನಕರುಗಳಿಗೆ ಸಾಂಕ್ರಾಮಿಕ ರೋಗದ ಭಯ, ಬೇಯಿಸಿದ ಅನ್ನಕ್ಕೆ ಅಜಾಗರೂಕತೆಯಿಂದಲೋ ದುರುದ್ದೇಶದಿಂದಲೋ ವಿಷ ಬೆರೆಯುವ ಭಯ, ಹೀಗೆ ಆಪತ್ತು ಹಲವು ದಾರಿಗಳಿಂದ ಬರುತ್ತದೆ. ಇವನ್ನು ಎದುರಿಸಲು ಮುಂಚಿತವಾಗಿ ಯೋಜನೆ ಬೇಕು, ಅದನ್ನು ನಡೆಸಲು ತರಬೇತಿ ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಯೋಜನೆಯ ಮೊದಲ ಕಾವಲುಗಾರ ಯಾರು? ಕಚೇರಿಯ ಅಧಿಕಾರಿಯೆ? ಪ್ರಯೋಗಾಲಯದ ವಿಜ್ಞಾನಿಯೆ? ನನ್ನ ಅಭಿಪ್ರಾಯದಲ್ಲಿ ಅವರಿಬ್ಬರೂ ಎರಡನೆಯವರು. ಕೊಟ್ಟಿಗೆಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಏನೋ ಸರಿಯಿಲ್ಲವೆಂದು ಮೊದಲು ಕಂಡವನೇ ಮೊದಲ ಕಾವಲುಗಾರ. ಅವನು ಭಯವಿಲ್ಲದೆ ಬಾಯಿ ಬಿಡುವಂತಿರಬೇಕು. ಕೇಳಬೇಕಾದವರು ಅವನ ಮಾತನ್ನು ಕೇಳಬೇಕು. ಈ ಎರಡೂ ಇಲ್ಲದ ಕಡೆ ಯಾವ ಯೋಜನೆಯೂ ಕಡತದಲ್ಲಿಯೇ ಉಳಿಯುತ್ತದೆ.

ಈ ಮಾತಿಗೆ ದೂರದ ಇಂಗ್ಲೆಂಡಿನಲ್ಲಿ ಒಂದು ಸ್ಪಷ್ಟ ನಿದರ್ಶನವಿದೆ. ಅಲ್ಲಿ ಆರೇ ವರ್ಷಗಳ ಅಂತರದಲ್ಲಿ ಒಂದೇ ರೋಗ ಎರಡು ಬಾರಿ ಬಂತು. ಎರಡು ಬಾರಿಯ ಪರಿಣಾಮವೂ ಬೇರೆಯಾಯಿತು. ಆ ರೋಗ ನಮ್ಮ ರೈತರಿಗೆ ಚೆನ್ನಾಗಿ ಪರಿಚಿತವಾದ ಕಾಲುಬಾಯಿ ಜ್ವರ.

2001ರ ಫೆಬ್ರವರಿ 19ರಂದು ಎಸೆಕ್ಸ್ ಪ್ರಾಂತದ ಕಸಾಯಿಖಾನೆಯೊಂದರಲ್ಲಿ ಪಶುವೈದ್ಯರು ಹಂದಿಗಳ ಮೈಮೇಲೆ ಹುಣ್ಣುಗಳನ್ನು ಕಂಡರು. ಮರುದಿನ ರೋಗ ಖಚಿತವಾಯಿತು. ಆದರೆ ಅದರ ಮೂಲ ಅಲ್ಲಿರಲಿಲ್ಲ. ಬಹುದೂರದ ನಾರ್ಥಂಬರ್ಲೆಂಡಿನಲ್ಲಿ, ಸರಿಯಾಗಿ ಕುದಿಸದ ಮುಸುರೆಯನ್ನು ತಿನ್ನಿಸಿ ಹಂದಿ ಸಾಕುತ್ತಿದ್ದ ಒಂದು ಕಡೆ ರೋಗ ಅದಕ್ಕೂ ಮೊದಲೇ ಹುಟ್ಟಿತ್ತು. ಅಲ್ಲಿನ ಒಡೆಯ ಅದನ್ನು ತಿಳಿಸಲಿಲ್ಲ. ಅಲ್ಲಿಂದ ರೋಗ ನೆರೆಯ ಕುರಿಗಳಿಗೆ ಅಂಟಿತು. ಕುರಿಗಳು ಸಂತೆಗೆ ಹೋದವು. ಸಂತೆಯಿಂದ ದೇಶದ ನಾಲ್ಕು ಮೂಲೆಗೆ ಹಂಚಿಹೋದವು. ಮೊದಲ ರೋಗ ಪತ್ತೆಯಾಗುವ ವೇಳೆಗೆ ಕನಿಷ್ಠ 57 ಕಡೆ ಸೋಂಕು ಬೇರೂರಿತ್ತೆಂದು ಅನಂತರದ ತನಿಖೆ ತೋರಿಸಿತು. ಆದರೂ ಜಾನುವಾರುಗಳ ಸಾಗಾಟವನ್ನು ದೇಶದಾದ್ಯಂತ ನಿಲ್ಲಿಸುವ ಆಜ್ಞೆ ಹೊರಟದ್ದು ಫೆಬ್ರವರಿ 23ರಂದು, ಮೂರು ದಿನ ಕಳೆದ ಮೇಲೆ.

ಅಲ್ಲಿ ಯೋಜನೆ ಇರಲಿಲ್ಲವೆಂದಲ್ಲ. 1967ರಲ್ಲಿ ಇದೇ ರೋಗದಿಂದ ನೊಂದಿದ್ದ ಆ ದೇಶ, 1969ರಲ್ಲಿ ಒಂದು ಸಮಿತಿಯಿಂದ ವರದಿಯನ್ನೂ ಪಡೆದಿತ್ತು. ಆದರೆ ಇದ್ದ ಯೋಜನೆ ಒಮ್ಮೆಗೆ ಹತ್ತು ಕಡೆ ಮಾತ್ರ ರೋಗ ಬರಬಹುದೆಂಬ ಲೆಕ್ಕದ್ದು. ವರದಿ ಬರೆದವರು ನಿವೃತ್ತರಾಗಿದ್ದರು. ಓದಬೇಕಾದವರು ಅದನ್ನು ಅಭ್ಯಾಸ ಮಾಡಿರಲಿಲ್ಲ. ಫಲವಾಗಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಗುಡ್ಡದಂತೆ ಪೇರಿಸಿದ ಕಳೇಬರಗಳು ಹೊಲಗಳಲ್ಲಿ ಉರಿದವು. ಆ ದೇಶದ ಮಹಾಚುನಾವಣೆಯೇ ಒಂದು ತಿಂಗಳು ಮುಂದಕ್ಕೆ ಹೋಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಆದರೆ ಈ ಬಾರಿ ಅವರು ಪಾಠ ಕಲಿತರು. ಹೊಸ ಯೋಜನೆಯನ್ನು ಬರೆದು ಕಪಾಟಿನಲ್ಲಿಡಲಿಲ್ಲ. 2004ರಲ್ಲಿ ರೋಗ ಬಂದೇ ಬಿಟ್ಟಿದೆಯೆಂದು ಭಾವಿಸಿಕೊಂಡು ದೇಶವ್ಯಾಪಿಯಾಗಿ ಅಣಕು ಕಾರ್ಯಾಚರಣೆಯನ್ನು ನಡೆಸಿ, ಎಲ್ಲಿ ಎಡವುತ್ತೇವೆಂದು ನೋಡಿಕೊಂಡರು. 2007ರ ಆಗಸ್ಟ್ 2ರಂದು ಸರ್‍ರೆ ಪ್ರಾಂತದಿಂದ ದನಗಳಿಗೆ ಏನೋ ರೋಗವೆಂಬ ಸುದ್ದಿ ಬಂತು. 3ರಂದು ಅದು ಖಚಿತವಾಯಿತು. ಅಂದೇ ಸಾಗಾಟವೆಲ್ಲ ನಿಂತಿತು. ಹತ್ತಿರದ ಸಂಶೋಧನಾಲಯಗಳ ಆವರಣದಿಂದ ರೋಗಾಣು ಹೊರಬಿದ್ದದ್ದೇ ಕಾರಣವೆಂದು ತಿಳಿದುಬಂತು. ಒಟ್ಟು ಎಂಟು ಕಡೆಗಳಲ್ಲಿ ಮಾತ್ರ ಕಾಣಿಸಿಕೊಂಡು ರೋಗ ಅಡಗಿತು. ಮೂರು ದಿನದ ವಿಳಂಬಕ್ಕೂ ಅಂದೇ ತೆಗೆದುಕೊಂಡ ನಿರ್ಧಾರಕ್ಕೂ ಇರುವ ಅಂತರವನ್ನು ಈ ಎರಡು ಘಟನೆಗಳಿಂದ ಅಳೆಯಬಹುದು.

ಇದು ಸಿರಿವಂತ ದೇಶದ ಮಾತು, ನಮಗೆ ಹೇಗೆ ಸಾಧ್ಯ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಂದೇ ಹಸುವಿನ ಹಾಲಿನಿಂದ ಸಂಸಾರ ಸಾಗಿಸುವ ಮನೆಗಳು ನಮ್ಮಲ್ಲಿ ಅಸಂಖ್ಯ. ಲಕ್ಷಗಟ್ಟಲೆ ದನಗಳನ್ನು ಕೊಂದು ರೋಗ ನಿಲ್ಲಿಸುವ ಮಾರ್ಗ ನಮ್ಮದಾಗಲಾರದು, ಆಗಲೂಬಾರದು. ಆದರೆ ನಮ್ಮದೇ ಆದ ಮಾರ್ಗವೊಂದನ್ನು ನಾವು ತೋರಿಸಿದ್ದೇವೆ. ಹಳ್ಳಿಗಳ ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದ ದೊಡ್ಡರೋಗದ ಹೆಸರು ಕೇಳಿದರೆ ನಮ್ಮ ಅಜ್ಜಂದಿರು ನಡುಗುತ್ತಿದ್ದರು. ದಶಕಗಳ ಕಾಲ ಲಸಿಕೆ ಹಾಕಿ, ಅನಂತರ ಊರೂರಿಗೆ ಹೋಗಿ ರೋಗದ ಸುಳಿವನ್ನು ಹುಡುಕಿ ವಿಚಾರಿಸಿ, ನಮ್ಮ ದೇಶ ಅದನ್ನು ಹೊರದೂಡಿತು. 1995ರ ಅನಂತರ ಅದು ಭಾರತದಲ್ಲಿ ಕಾಣಿಸಿಕೊಳ್ಳಲಿಲ್ಲ. 2011ರಲ್ಲಿ ಪ್ರಪಂಚವೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಈ ವಿಜಯದಲ್ಲಿ ಲಸಿಕೆ ತಯಾರಿಸಿದ ವಿಜ್ಞಾನಿಗೆ ಇರುವಷ್ಟೇ ಪಾಲು, ಕೇಳಿದಾಗ ನಿಜ ಹೇಳಿದ ದನಗಾಹಿಗೂ ಇದೆ.

ನಿಜ ಹೇಳುವುದು ಸುಲಭವಲ್ಲ. ತನ್ನ ಹಸುವಿನ ಬಾಯಲ್ಲಿ ಜೊಲ್ಲು ಸುರಿಯುವುದನ್ನು ಕಂಡ ಬಡ ರೈತನ ಸ್ಥಿತಿಯನ್ನು ಯೋಚಿಸಿರಿ. ತಿಳಿಸಿದರೆ ಡೇರಿಯಲ್ಲಿ ಹಾಲು ಕೊಳ್ಳಲಾರರು, ನೆರೆಯವರು ದೂರವಿಡುವರು, ಸಂತೆ ನಿಲ್ಲುವುದು. ಸುಮ್ಮನಿದ್ದರೆ ನಾಲ್ಕು ದಿನದಲ್ಲಿ ವಾಸಿಯಾದೀತೆಂಬ ಆಸೆ. ಅವನನ್ನು ದಂಡದಿಂದ ಹೆದರಿಸಿದರೆ ಇನ್ನಷ್ಟು ಮುಚ್ಚಿಡುತ್ತಾನೆ. ನಷ್ಟದಲ್ಲಿ ಸಮಾಜ ಪಾಲುಗೊಳ್ಳುವುದೆಂಬ ಭರವಸೆಯೊಂದೇ ಅವನ ನಾಲಗೆಯನ್ನು ಬಿಡಿಸಬಲ್ಲುದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಕರ್ನಾಟಕ ಸರಕಾರ ಜಾನುವಾರು ಸಂತೆ, ಜಾತ್ರೆಗಳನ್ನು ತಡೆದುದಷ್ಟೇ ಅಲ್ಲದೆ ಸತ್ತ ರಾಸುಗಳಿಗೆ ಪರಿಹಾರವನ್ನೂ ಪ್ರಕಟಿಸಿತು. ಇಂಥ ಪರಿಹಾರವನ್ನು ಕೇವಲ ಕರುಣೆಯೆಂದು ತಿಳಿಯಬಾರದು. ರೋಗನಿಯಂತ್ರಣದ ಮುಖ್ಯ ಸಾಧನಗಳಲ್ಲಿ ಅದೂ ಒಂದು. ತಡವಾಗಿ ಬರುವ ಪರಿಹಾರ ಮುಂದಿನ ಬಾರಿಯ ಮೌನಕ್ಕೆ ಕಾರಣವಾಗುತ್ತದೆ ಎಂಬುದನ್ನು ಆಳುವವರು ಮರೆಯಬಾರದು.

ಕೊಟ್ಟಿಗೆಗೆ ಸಲ್ಲುವ ಈ ಮಾತು ಅಡುಗೆಮನೆಗೂ ಸಲ್ಲುತ್ತದೆ. 2013ರ ಜುಲೈ 16ರಂದು ಬಿಹಾರದ ಸಾರನ್ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಅಸುನೀಗಿದರು. ಅಡುಗೆಯಲ್ಲಿ ಮೋನೋಕ್ರೋಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಊಟದ ರುಚಿ ಬೇರೆಯಾಗಿದೆಯೆಂದು ಮಕ್ಕಳು ಹೇಳಿದ್ದರೆಂದು ಆಗಿನ ವರದಿಗಳು ತಿಳಿಸಿದವು. ಆ ಎಳೆಯ ಮಾತಿಗೆ ಯಾರಾದರೂ ಒಂದು ಕ್ಷಣ ಕಿವಿಗೊಟ್ಟಿದ್ದರೆ! 2018ರ ಡಿಸೆಂಬರಿನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಾಲಯದ ಪ್ರಸಾದಕ್ಕೆ ವಿಷ ಬೆರೆತು ಹಲವರು ಪ್ರಾಣ ಕಳೆದುಕೊಂಡರು. ಅದು ಅಜಾಗರೂಕತೆಯಲ್ಲ, ದುರುದ್ದೇಶದ ಕೃತ್ಯವಾಗಿತ್ತು. ನೂರಾರು ಜನ ಉಣ್ಣುವ ಅನ್ನವನ್ನು ಬಡಿಸುವ ಮುನ್ನ ಹಿರಿಯರೊಬ್ಬರು ರುಚಿ ನೋಡುವುದು, ಕೀಟನಾಶಕದ ಡಬ್ಬಿಯನ್ನು ಎಂದಿಗೂ ಆಹಾರಕ್ಕೆ ಬಳಸದಿರುವುದು, ಉಗ್ರಾಣಕ್ಕೆ ಬೀಗ ಹಾಕುವುದು ಇವೆಲ್ಲ ಸಣ್ಣ ನಿಯಮಗಳಂತೆ ಕಾಣುತ್ತವೆ. ಪ್ರಾಣ ಉಳಿಸುವ ನಿಯಮಗಳು ಸಾಮಾನ್ಯವಾಗಿ ಸಣ್ಣವೇ ಆಗಿರುತ್ತವೆ.

ಆದುದರಿಂದ ಬೆಂಕಿಯ ಅಪಾಯಕ್ಕೆ ಅಣಕು ಅಭ್ಯಾಸ ಮಾಡಿಸುವಂತೆ, ಆಹಾರದ ಅಪಾಯಕ್ಕೂ ಶಾಲೆ ಶಾಲೆಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಅಭ್ಯಾಸ ನಡೆಯಬೇಕು. ದನಕ್ಕೆ ಹೊಸ ರೋಗ ಕಂಡರೆ ಯಾರಿಗೆ ತಿಳಿಸಬೇಕು, ಅದನ್ನು ಹೇಗೆ ಬೇರೆ ಕಟ್ಟಬೇಕು, ಪೈರಿಗೆ ಅಪರಿಚಿತ ಹುಳು ಬಿದ್ದರೆ ಯಾರನ್ನು ಕರೆಯಬೇಕು, ಊಟ ಕೆಟ್ಟಿದೆಯೆನಿಸಿದರೆ ಬಡಿಸುವುದನ್ನು ಹೇಗೆ ನಿಲ್ಲಿಸಬೇಕು ಎಂಬುದು ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿರಬೇಕು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಮುಂಜಾನೆ ದನಕ್ಕೆ ಹುಲ್ಲು ಹಾಕಿ ಶಾಲೆಗೆ ಬರುವವರು. ಮಧ್ಯಾಹ್ನ ಸಹಪಾಠಿಗಳೊಡನೆ ಸಾಲಿನಲ್ಲಿ ಕುಳಿತು ಉಣ್ಣುವವರು. ಅಧಿಕಾರಿಗಳಿಗೆ ಕಾಣದ್ದು ನಿಮ್ಮ ಕಣ್ಣಿಗೆ ಮೊದಲು ಬೀಳಬಹುದು. ಆಗ, ‘ತಪ್ಪಾದರೆ ಜನ ನಕ್ಕಾರು’ ಎಂದು ಸಂಕೋಚಪಡಬೇಡಿರಿ. ಹತ್ತು ಬಾರಿ ಹುಸಿಯಾದ ಎಚ್ಚರಿಕೆಯಿಂದ ಆಗುವ ನಷ್ಟ ಅಲ್ಪ. ಒಂದು ಬಾರಿ ನುಂಗಿಕೊಂಡ ಮಾತಿನಿಂದ ಆಗುವ ನಷ್ಟಕ್ಕೆ ಮಿತಿಯಿಲ್ಲ. ಮುಂದೆ ನೀವು ಹಿರಿಯರಾದಾಗ, ಮಗುವೊಂದು ಬಂದು ‘ಈ ಅನ್ನ ಸರಿಯಿಲ್ಲ’ ಎಂದರೆ, ಕೈಯಲ್ಲಿರುವ ಸೌಟನ್ನು ಕೆಳಗಿಟ್ಟು ಅದರ ಮಾತನ್ನು ಪೂರ್ತಿಯಾಗಿ ಕೇಳಿರಿ.